ಮಗಳಿಗೆ ಪ್ಲಸ್ ವನ್‌ನಲ್ಲಿ ಸೈಕಾಲಜಿಯೇ ಬೇಕಂತೆ. ಕನ್ನಡ ಮೀಡಿಯಂ ಮಕ್ಕಳಿಗೆ ಆಗುತ್ತದಾ?

ಪೆರ್ಲದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯವರು, ಪೆರ್ಲದ ಹತ್ತಿರ. ಮಗಳು ಈ ಸಲ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಮುಗಿಸಿದಳು. ಗ್ರೇಡು ಚೆನ್ನಾಗಿಯೇ ಬಂದಿದೆ. ಪ್ಲಸ್ ವನ್ನಿಗೆ, ಅಂದರೆ ಹನ್ನೊಂದನೇ ಕ್ಲಾಸಿಗೆ, ಸಯನ್ಸ್ ಹಾಕುವುದು ಅಂತ ಮನೆಯಲ್ಲಿ ಮಾತಾಗಿತ್ತು. ಈಗ ಅವಳು ಹ್ಯುಮ್ಯಾನಿಟೀಸ್ (ಆರ್ಟ್ಸ್) ಬೇಕು, ಅದರಲ್ಲೂ ಸೈಕಾಲಜಿ, ಅಂದರೆ ಮನಃಶಾಸ್ತ್ರ, ಇರುವ ಶಾಲೆಯೇ ಬೇಕು ಅಂತ ಹಟ ಹಿಡಿದಿದ್ದಾಳೆ.

ಯಾಕೆ ಅಂತ ಕೇಳಿದೆ. ನಮ್ಮ ಅತ್ತೆಗೆ ಎರಡು ವರ್ಷದಿಂದ ಮರೆವು. ತನ್ನ ಮದುವೆಗೆ ಯಾವ ಪಾಯಸ ಮಾಡಿದ್ದರು, ಯಾರು ಬಡಿಸಿದರು ಎಲ್ಲ ಹೇಳುತ್ತಾರೆ. ಬೆಳಗ್ಗೆ ಕಾಪಿ ಕುಡಿದದ್ದು ಮಾತ್ರ ನೆನಪಿಲ್ಲ. ಖಾಲಿ ಲೋಟ ಪಕ್ಕದಲ್ಲೇ ಇರುತ್ತದೆ, ನನಗೆ ಇವತ್ತು ಕಾಪಿಯೇ ಕೊಡಲಿಲ್ಲ ಅಂತ ಬೇಜಾರು ಮಾಡುತ್ತಾರೆ. ಹಳೆಯದು ಉಳಿದು ಹೊಸದು ಹೋಗುವುದು ಯಾಕಮ್ಮಾ ಅಂತ ಮಗಳು ಕೇಳಿದಳು. ನನ್ನ ಹತ್ತಿರ ಉತ್ತರ ಇಲ್ಲ. ಅದು ಓದಿದರೆ ಗೊತ್ತಾಗುತ್ತದೆ ಅಂತ ಅವಳ ನಂಬಿಕೆ.

ನೆಂಟರು 'ಹುಚ್ಚರ ಡಾಕ್ಟರ್ ಆಗಲಿಕ್ಕಾ' ಅಂತ ಕೇಳುತ್ತಿದ್ದಾರೆ. ಅದು ಹೋಗಲಿ. ನನ್ನ ಚಿಂತೆ ಬೇರೆ. ಪುಸ್ತಕ ಇಂಗ್ಲಿಷಿನಲ್ಲಿ, ಕ್ಲಾಸಿನಲ್ಲಿ ಮಾತು ಮಲಯಾಳದಲ್ಲಿ, ಇವಳು ಮನೆಯಲ್ಲಿ ಕನ್ನಡ, ಗೆಳತಿಯರ ಜೊತೆ ತುಳು. ಇಷ್ಟರ ಮಧ್ಯೆ ಮನಸ್ಸಿನ ವಿಷಯ ಓದಲಿಕ್ಕೆ ಆಗುತ್ತದಾ? ಮುಂದೆ ಕೆಲಸ ಸಿಗುತ್ತದಾ? ಅರ್ಜಿಗೆ ಜಾಸ್ತಿ ದಿನ ಉಳಿದಿಲ್ಲ. ಓದಿದವರು ಇದ್ದರೆ ದಯವಿಟ್ಟು ಹೇಳಿ.

ಕುಂಬಳೆ ಕಡಲು

ಹಾಕಿ ಅಕ್ಕಾ. ಇಷ್ಟಪಟ್ಟು ಕೇಳುವ ಮಗುವನ್ನು ತಡೆಯಬೇಡಿ.

ಹೊಸಂಗಡಿ ಅಣ್ಣ

ನಾನು ಬೇಡ ಅಂತಲೇ ಹೇಳುತ್ತೇನೆ. ಒಳ್ಳೆ ಗ್ರೇಡ್ ಬಂದ ಮಗು. ಸಯನ್ಸ್ ತೆಗೆದುಕೊಂಡರೆ ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನೀಶಿಯನ್, ಏನಾದರೂ ಒಂದು ಇದ್ದೇ ಇದೆ. ನನ್ನ ಚಿಕ್ಕಪ್ಪನ ಮಗ ಡಿಗ್ರಿಯಲ್ಲಿ ಸೈಕಾಲಜಿ ಮಾಡಿದ. ಎಷ್ಟು ಕಡೆ ಅಲೆದ ಅಂತ ನನಗೆ ಗೊತ್ತು. ಈಗ ಮೊಬೈಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಆಸಕ್ತಿ ಇದ್ದರೆ ಪುಸ್ತಕ ತಂದು ಮನೆಯಲ್ಲಿ ಓದಬಹುದಲ್ವಾ, ಅದಕ್ಕೆ ಎರಡು ವರ್ಷ ಕೊಡಬೇಕಾ?

ಬದಿಯಡ್ಕ ಬಸ್ಸು

ಡಿಗ್ರಿಗೇ ನಿಲ್ಲಿಸಿದರೆ ಯಾವ ವಿಷಯಕ್ಕೂ ಅದೇ ಗತಿ ಅಣ್ಣ. ಬಿಎಸ್ಸಿ ಕೆಮಿಸ್ಟ್ರಿ ಮಾಡಿದವರು ನಮ್ಮ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದಾರೆ, ಒಳ್ಳೆ ಮನುಷ್ಯ.

ಮುಳ್ಳೇರಿಯಾ ಹುಡುಗಿ

ನಾನು ಹತ್ತರ ತನಕ ಕನ್ನಡ ಮೀಡಿಯಂ. ಪ್ಲಸ್ ಟೂನಲ್ಲಿ ಸೈಕಾಲಜಿ ಓದಿದೆ, ಈಗ ಡಿಗ್ರಿ ಕೊನೇ ವರ್ಷ, ಅದೇ ವಿಷಯ. ಅಕ್ಕಾ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೊದಲ ಮೂರು ತಿಂಗಳು ತುಂಬ ಕಷ್ಟ. ನಾನು ಬಸ್ಸಿಳಿದು ತೋಟದ ದಾರಿಯಲ್ಲಿ ಅತ್ತುಕೊಂಡೇ ಮನೆಗೆ ಬಂದ ದಿನಗಳಿವೆ.

ಗೊತ್ತಿಲ್ಲದ ಪದವಾದರೆ ಕೇಳಿ ತಿಳಿದುಕೊಳ್ಳಬಹುದು. ಗೊತ್ತಿದೆ ಅಂತ ಅನ್ನಿಸುವ ಪದಗಳೇ ನಮ್ಮನ್ನು ದಾರಿ ತಪ್ಪಿಸುತ್ತವೆ. ಒಂದು ದಿನ ಟೀಚರ್ 'ವಿಕಾರಂ' ಅಂತ ಹೇಳಿ ಪಾಠ ಶುರು ಮಾಡಿದರು. ನಮ್ಮಲ್ಲಿ ಮುಖ ವಿಕಾರ, ರೂಪ ವಿಕಾರ ಅನ್ನುತ್ತೇವಲ್ಲ, ನಾನು ಅದೇ ಅಂದುಕೊಂಡೆ. ಇಡೀ ಪೀರಿಯಡ್ ಇದು ಯಾವುದೋ ಕಾಯಿಲೆಯ ಪಾಠ ಅಂತ ಕೂತಿದ್ದೆ. ಮಲಯಾಳದಲ್ಲಿ ವಿಕಾರಂ ಅಂದರೆ ಭಾವನೆ, ಇಂಗ್ಲಿಷಿನ ಇಮೋಶನ್. ಸಿಟ್ಟು, ಸಂತೋಷ, ಹೆದರಿಕೆ ಎಲ್ಲ ವಿಕಾರವೇ! ಆಮೇಲೆ ವಿಷಾದಂ ಬಂತು. ನಮಗೆ ವಿಷಾದ ಅಂದರೆ ಪೇಪರಿನವರು ತಪ್ಪು ಅಚ್ಚಾದಾಗ ಹೇಳುವ ಮಾತು. ಅವರಿಗೆ ಅದು ಡಿಪ್ರೆಶನ್, ನಮ್ಮ ಖಿನ್ನತೆ. ಶ್ರದ್ಧ ಅಂದರೆ ಗಮನ. ನಮಗೆ ಶ್ರದ್ಧೆ ಅಂದರೆ ಭಕ್ತಿಯಿಂದ ಮಾಡುವುದು ಅಲ್ವಾ. ಉತ್ಕಂಠ ಅಂದರೆ ಆತಂಕ.

ಇದೇ ಇತಿಹಾಸದ ಪಾಠದಲ್ಲಿ ಆಗಿದ್ದರೆ ಒಂದು ಮಾರ್ಕು ಹೋಗುತ್ತಿತ್ತು, ಅಷ್ಟೇ. ಸೈಕಾಲಜಿಯಲ್ಲಿ ಪಾಠ ನಮ್ಮದೇ ಒಳಗಿನದ್ದು. ನನ್ನ ಹೆದರಿಕೆಗೆ ನನ್ನ ಭಾಷೆಯಲ್ಲಿ ಏನನ್ನುತ್ತೇನೆ ಅಂತ ಗೊತ್ತಿಲ್ಲದೆ ಪುಸ್ತಕದ ಹೆದರಿಕೆ ಅರ್ಥವಾಗುವುದಿಲ್ಲ.

ನಾನು ಮಾಡಿದ ಕೆಲಸ ಇಷ್ಟು. ಒಂದು ಉದ್ದದ ನೋಟ್‌ಬುಕ್ಕಿಗೆ ಗೆರೆ ಹಾಕಿ ಮೂರು ಭಾಗ ಮಾಡಿದೆ. ಮೊದಲು ಇಂಗ್ಲಿಷ್ ಪದ, ಆಮೇಲೆ ಟೀಚರ್ ಹೇಳಿದ ಮಲಯಾಳ, ಕೊನೆಗೆ ಕನ್ನಡ. ಕನ್ನಡದ ಪದ ಸಿಗದಿದ್ದರೆ ನಮ್ಮ ಮನೆಯ ಒಂದು ಉದಾಹರಣೆ. ಓಣಂ ರಜೆ ಮುಗಿದು ಬರುವಾಗ ಕ್ಲಾಸಿನಲ್ಲಿ ಟೀಚರ್ ಹೇಳಿದ್ದು ನೇರವಾಗಿ ತಲೆಗೆ ಹೋಗುತ್ತಿತ್ತು. ಈಗ ಕೇಳಿದರೆ ಸೈಕಾಲಜಿ ಬಿಟ್ಟು ಬೇರೇನೂ ಓದುತ್ತಿರಲಿಲ್ಲ ಅನ್ನುತ್ತೇನೆ.

ಪೆರ್ಲದ ಅಮ್ಮ

ವಿಕಾರದ ವಿಷಯ ಮಗಳಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು. ನಿಮ್ಮ ನೋಟ್‌ಬುಕ್ ಇನ್ನೂ ಇದೆಯಾ ತಂಗಿ?

ಮುಳ್ಳೇರಿಯಾ ಹುಡುಗಿ

ಇದೆ ಅಕ್ಕಾ. ಮಳೆಗೆ ಒಂದು ಮೂಲೆ ನೆನೆದಿದೆ, ಓದಲಿಕ್ಕೆ ಬರುತ್ತದೆ. ಫೋಟೋ ತೆಗೆದು ಕಳಿಸುತ್ತೇನೆ.

ವಿಟ್ಲದ ಮೇಷ್ಟ್ರು

ಇಷ್ಟೆಲ್ಲ ಕಷ್ಟ ಯಾಕೆ? ಗಡಿ ದಾಟಿ ಈಚೆ ಬನ್ನಿ. ಕರ್ನಾಟಕದ ಪಿಯುಸಿಯಲ್ಲಿ ಮನಃಶಾಸ್ತ್ರ ಇದೆ, ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಪೆರ್ಲದಿಂದ ವಿಟ್ಲ, ಪುತ್ತೂರು ಏನು ದೂರ?

ಇನ್ನೊಂದು ಮಾತು. ಈ ವಿಷಯ ಕನ್ನಡಕ್ಕೆ ಹೊಸದು ಅಂತ ತಿಳಿಯಬೇಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ದು. ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದಲೇ ಬಂದದ್ದು. ನೂರು ವರ್ಷದಿಂದ ಕನ್ನಡದ ನೆಲದಲ್ಲಿ ಇರುವ ವಿಷಯವನ್ನು ನಮ್ಮ ಮಕ್ಕಳು ಬೇರೆ ಭಾಷೆಯಲ್ಲಿ ಕಷ್ಟಪಟ್ಟು ಓದುವುದು ನೋಡಿದರೆ ಸಂಕಟವಾಗುತ್ತದೆ.

ಕುಂಬಳೆ ಕಡಲು

ಮೇಷ್ಟ್ರೇ, ಪ್ರೀತಿಯಿಂದ ಹೇಳುತ್ತಿದ್ದೀರಿ, ಗೊತ್ತು. ಆದರೆ ಗಡಿ ದಾಟುವುದು ಬಾಯಲ್ಲಿ ಹೇಳುವಷ್ಟು ಸುಲಭ ಅಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನನ್ನ ತಮ್ಮ ಮಂಗಳೂರಿನಲ್ಲಿ ಓದುತ್ತಿದ್ದ. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಮನೆಯಿಂದ ಒಂದು ಗಂಟೆಯ ದಾರಿ, ಹೋಗಲಿಕ್ಕಿಲ್ಲ ಬರಲಿಕ್ಕಿಲ್ಲ. ಅಮ್ಮ ದಿನಾ ಫೋನ್ ಹಿಡಿದು ಕೂತಿರುತ್ತಿದ್ದರು. ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರನ್ನೂ ಪ್ಲಸ್ ಟೂ ತನಕ ಆಚೆ ಕಳಿಸುವುದಿಲ್ಲ ಅಂತ ತೀರ್ಮಾನವಾಗಿದೆ.

ಮತ್ತೆ ನಾವು ಎಲ್ಲರೂ ಆಚೆ ಹೋಗಿಬಿಟ್ಟರೆ ಇಲ್ಲಿ ಕನ್ನಡ ಕೇಳುವವರು ಯಾರು? ಇಲ್ಲಿನ ಶಾಲೆಯಲ್ಲೇ ಓದಿ ಇಲ್ಲೇ ಕನ್ನಡ ಬೇಕು ಅಂತ ಕೇಳಬೇಕು.

ವಿಟ್ಲದ ಮೇಷ್ಟ್ರು

ಕೇಳಿ ಕೇಳಿ ಮೂರು ತಲೆಮಾರು ಆಯಿತು ಮಾರಾಯ್ರೇ. ಮಗುವಿನ ಎರಡು ವರ್ಷವನ್ನು ಹೋರಾಟಕ್ಕೆ ಇಡಲಿಕ್ಕೆ ಆಗುತ್ತದಾ?

ಅಕ್ಕಲಕೋಟೆ ಕನ್ನಡಿಗ

ಸೊಲ್ಲಾಪುರ ಜಿಲ್ಲೆಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲೂ ಇದೇ ಕಥೆ. ಹತ್ತರ ತನಕ ಕನ್ನಡ ಶಾಲೆ, ಆಮೇಲೆ ಜೂನಿಯರ್ ಕಾಲೇಜಿನಲ್ಲಿ ಮರಾಠಿ. ಆರ್ಟ್ಸ್‌ನಲ್ಲಿ ಮಾನಸಶಾಸ್ತ್ರ ಇದೆ, ನನ್ನ ತಂಗಿ ಓದಿದಳು. ಮರಾಠಿಯಲ್ಲಿ ಭಾವನಾ ಅಂದರೆ ಭಾವನೆಯೇ, ಆ ಮಟ್ಟಿಗೆ ನಾವು ಪಾರು. ಅವಳು ಈಗ ಸೊಲ್ಲಾಪುರದಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡುತ್ತಾಳೆ. ಹೊಸಂಗಡಿ ಅಣ್ಣನಿಗೆ ಹೇಳಲಿಕ್ಕೆ ಬರೆದೆ.

ಕೌನ್ಸೆಲರ್ ಅಕ್ಕ

ನಾನು ಶಾಲೆಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವಳು. ಇಲ್ಲಿ ಎರಡು ಮೂರು ವಿಷಯ ಕಲಸಿಹೋಗಿವೆ. ಬಿಡಿಸಿ ಹೇಳುತ್ತೇನೆ.

ಸೈಕಿಯಾಟ್ರಿಸ್ಟ್ ಬೇರೆ, ಸೈಕಾಲಜಿಸ್ಟ್ ಬೇರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಆಮೇಲೆ ಮನೋರೋಗದಲ್ಲಿ ಮುಂದಿನ ಓದು ಮಾಡಿದ ಡಾಕ್ಟರು, ಔಷಧಿ ಬರೆಯುವವರು. ಅದಕ್ಕೆ ಪ್ಲಸ್ ಟೂನಲ್ಲಿ ಬಯಾಲಜಿ ಬೇಕೇ ಬೇಕು. ಮಗಳ ಮನಸ್ಸಿನಲ್ಲಿ ಅದು ಇದ್ದರೆ ಈಗಲೇ ಕೇಳಿಕೊಳ್ಳಿ, ಆಮೇಲೆ ಹಿಂದೆ ಬರುವುದು ತುಂಬ ಕಷ್ಟ. ಸೈಕಾಲಜಿಸ್ಟ್ ಆಗುವ ದಾರಿ ಡಿಗ್ರಿ, ಅದರ ಮೇಲೆ ಎರಡು ವರ್ಷದ ಎಂಎ ಅಥವಾ ಎಂಎಸ್ಸಿ. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೂರಬೇಕಾದರೆ ಅಷ್ಟು ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸು ಮುಗಿಸಿ ಅಲ್ಲಿ ಹೆಸರು ನೋಂದಾಯಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಅಂಥ ತರಬೇತಿಗೆ ಹೆಸರಾದ ಜಾಗ. ಉದ್ದದ ದಾರಿ, ಖರ್ಚೂ ಇದೆ. ಹೊಸಂಗಡಿಯವರ ಚಿಕ್ಕಪ್ಪನ ಮಗನಿಗೆ ಇದನ್ನು ಯಾರೂ ಮೊದಲೇ ಹೇಳಿರಲಿಕ್ಕಿಲ್ಲ. ಎಷ್ಟೋ ಮಕ್ಕಳಿಗೆ ಹೀಗೇ ಆಗುತ್ತದೆ, ನನಗೆ ಅದೇ ದುಃಖ.

ಇನ್ನೊಂದು. ಪ್ಲಸ್ ಟೂನಲ್ಲಿ ಸೈಕಾಲಜಿ ಇಲ್ಲದಿದ್ದರೂ ಡಿಗ್ರಿಗೆ ಸೇರಲಿಕ್ಕೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ಹಾಗಾಗಿ 'ಈಗ ಬಿಟ್ಟರೆ ಮುಂದೆ ಸಿಗುವುದಿಲ್ಲ' ಅಂತ ಹೆದರಬೇಡಿ. ಹಾಗೆಯೇ ಈಗ ಓದಿದ್ದು ಹಾಳೂ ಅಲ್ಲ. ಟೀಚರ್, ನರ್ಸ್, ಪೊಲೀಸ್, ಸೋಶಿಯಲ್ ವರ್ಕ್, ಯಾವುದಕ್ಕೆ ಹೋದರೂ ಮನುಷ್ಯರ ಜೊತೆಗೇ ಕೆಲಸ ಅಲ್ವಾ. ಮಂಗಳೂರಿನ ರೋಶನಿ ನಿಲಯದಲ್ಲಿ 1960ರಿಂದ ಸೋಶಿಯಲ್ ವರ್ಕ್ ಕಲಿಸುತ್ತಿದ್ದಾರೆ, ಗಡಿಯ ಈಚೆಯಿಂದಲೂ ಮಕ್ಕಳು ಹೋಗುತ್ತಾರೆ.

ಹೊಸಂಗಡಿ ಅಣ್ಣ

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ, ಒಪ್ಪುತ್ತೇನೆ. ಆದರೂ ಪ್ಲಸ್ ಟೂ, ಡಿಗ್ರಿ, ಎಂಎ, ಆಮೇಲೆ ಮತ್ತೆ ಎರಡು ವರ್ಷ. ಒಟ್ಟು ಹತ್ತಿರ ಹತ್ತಿರ ಒಂಬತ್ತು ವರ್ಷ. ಅಡಿಕೆಗೆ ಒಂದು ವರ್ಷ ರೇಟು ಇದ್ದರೆ ಇನ್ನೊಂದು ವರ್ಷ ಕೊಳೆರೋಗ. ಅಷ್ಟು ವರ್ಷ ತಡೆದುಕೊಳ್ಳುವ ಶಕ್ತಿ ಎಷ್ಟು ಮನೆಗಳಲ್ಲಿ ಇದೆ?

ಬದಿಯಡ್ಕ ಬಸ್ಸು

ಅಡಿಕೆ ಮಾತು ತೆಗೆಯಬೇಡಿ, ನಮ್ಮಲ್ಲಿ ಈ ವರ್ಷ ಅರ್ಧ ತೋಟ ಎಲೆಚುಕ್ಕಿ ರೋಗಕ್ಕೆ ಹೋಗಿದೆ.

ಕುಂಬಳೆ ಕಡಲು

ಬೋರ್ಡೋ ಔಷಧಿ ಹೊಡೆದದ್ದು ಯಾವಾಗ? ಮಳೆಗೆ ಮೊದಲೇ ಹೊಡೆಯಬೇಕು.

ಬದಿಯಡ್ಕ ಬಸ್ಸು

ಹೊಡೆದದ್ದೇ. ಅದನ್ನು ಬೇರೆ ಕಡೆ ಮಾತಾಡೋಣ, ಇಲ್ಲಿ ಮಗುವಿನ ವಿಷಯ.

ನೀರ್ಚಾಲು ಅಜ್ಜ

ನನ್ನ ಮೊಮ್ಮಗನ ಫೋನಿನಿಂದ ಬರೆಸುತ್ತಿದ್ದೇನೆ. ನಮ್ಮ ಕಾಲದಲ್ಲಿ ಮನಸ್ಸು ಕೆಟ್ಟರೆ ದೈವದ ಮುಂದೆ ಹೇಳಿಕೊಳ್ಳುತ್ತಿದ್ದೆವು. ಕೋಲದ ದಿನ ಊರೇ ಸೇರುತ್ತಿತ್ತು, ಒಬ್ಬರ ಸಂಕಟ ಹತ್ತು ಜನಕ್ಕೆ ಗೊತ್ತಾಗುತ್ತಿತ್ತು. ಈಗ ಪುಸ್ತಕ ಓದಿದ ಮಕ್ಕಳು ಬಂದು ಇದೆಲ್ಲ ಮೂಢನಂಬಿಕೆ, ಮಾನಸಿಕ ಕಾಯಿಲೆ ಅಂತ ಹೇಳುತ್ತಾರಾ ಅಂತ ನನಗೆ ಚಿಂತೆ.

ಮುಳ್ಳೇರಿಯಾ ಹುಡುಗಿ

ಅಜ್ಜಾ, ನನಗೂ ಅದೇ ಭಯ ಇತ್ತು. ನಮ್ಮ ಮನೆಯಲ್ಲೂ ದೈವ ಇದೆ. ಆದರೆ ಹನ್ನೆರಡರ ಪಾಠದಲ್ಲಿ ನಾನು ಮೊದಲು ಕಲಿತದ್ದು ಏನು ಗೊತ್ತಾ, ಬೇರೆಯವರ ಹಾಗೆ ಇಲ್ಲ ಅನ್ನುವ ಕಾರಣಕ್ಕೆ ಯಾವುದನ್ನೂ ಕಾಯಿಲೆ ಅನ್ನಬಾರದು ಅಂತ. ಆ ಮನುಷ್ಯನಿಗೆ ನೋವಾಗುತ್ತಿದೆಯಾ, ದಿನದ ಕೆಲಸ ನಿಂತಿದೆಯಾ, ಅವನಿಗೋ ಬೇರೆಯವರಿಗೋ ಅಪಾಯ ಇದೆಯಾ, ಆ ಊರಿನ ರೀತಿ ಏನು, ಇಷ್ಟೂ ನೋಡಬೇಕು. ಕೋಲದ ದಿನ ಆವೇಶ ಬಂದು ಮರುದಿನ ತೋಟಕ್ಕೆ ಹೋಗುವವರನ್ನು ಪುಸ್ತಕ ರೋಗಿ ಅನ್ನುವುದಿಲ್ಲ.

ಊರು ಸೇರಿ ಸಂಕಟ ಕೇಳುತ್ತಿತ್ತು ಅಂದಿರಲ್ಲ, ನಮ್ಮ ಪುಸ್ತಕ ಅದಕ್ಕೆ ಸಾಮಾಜಿಕ ಬೆಂಬಲ ಅನ್ನುತ್ತದೆ. ಒತ್ತಡ ತಡೆದುಕೊಳ್ಳಲಿಕ್ಕೆ ಅದು ತುಂಬ ದೊಡ್ಡ ಶಕ್ತಿ ಅಂತ ಬರೆದಿದ್ದಾರೆ.

ಕೌನ್ಸೆಲರ್ ಅಕ್ಕ

ಅಜ್ಜನ ಮಾತಿಗೆ ಒಂದೇ ಸೇರಿಸುತ್ತೇನೆ. ದೈವದ ಹತ್ತಿರ ಹೇಳಿಕೊಳ್ಳಲಿ, ಡಾಕ್ಟರ ಹತ್ತಿರವೂ ಹೋಗಲಿ. ಎರಡನೆಯದನ್ನು ಬಿಟ್ಟು ವರ್ಷಗಟ್ಟಲೆ ಕಾದು, ಕೊನೆಗೆ ಕೈಮೀರಿ ಬಂದ ಮಕ್ಕಳನ್ನು ನೋಡಿದ್ದೇನೆ.

ನೀರ್ಚಾಲು ಅಜ್ಜ

ಅದು ಒಪ್ಪುವ ಮಾತು.

ಎಣ್ಮಕಜೆ ದಾರಿ

ನಾನು ಇಲ್ಲಿಯವನು. ಬಡ್ಸ್ ಶಾಲೆ, ಅಂದರೆ ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳ ಶಾಲೆ, ಅಲ್ಲಿನ ಮಕ್ಕಳನ್ನು ಕರೆದುಕೊಂಡು ಹೋಗುವ ವಾಹನದಲ್ಲಿ ಸ್ವಲ್ಪ ಕಾಲ ಸಹಾಯಕ್ಕೆ ಹೋಗುತ್ತಿದ್ದೆ. ನಮ್ಮ ಊರಿನ ಮೇಲೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಇಪ್ಪತ್ತು ವರ್ಷಕ್ಕೂ ಜಾಸ್ತಿ, 2000ದ ತನಕ. ಇಲ್ಲಿನ ಮನೆಗಳಿಗೆ ಸೈಕಾಲಜಿ ಅನ್ನುವುದು ಪುಸ್ತಕದ ವಿಷಯ ಅಲ್ಲ.

ಒಂದು ಸಲ ಒಬ್ಬ ಹುಡುಗನನ್ನು ಬುದ್ಧಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆವು. ಯಾವ ಕಡೆ ಅಂತ ಹೇಳುವುದಿಲ್ಲ. ಮನೆಯಲ್ಲಿ ತುಳು, ಸ್ವಲ್ಪ ಕನ್ನಡ ಬರುವ ಮಗು. ಪ್ರಶ್ನೆ ಕೇಳಿದ್ದು ಮಲಯಾಳದಲ್ಲಿ. ಅವನು ಮೇಜಿನ ಮೇಲಿದ್ದ ಬಣ್ಣದ ಕಟ್ಟಿಗೆಗಳನ್ನು ಜೋಡಿಸುತ್ತಾ ಕೂತ, ಬಾಯಿ ಬಿಡಲಿಲ್ಲ. ಉತ್ತರ ಇಲ್ಲ ಅಂತ ಬರೆದುಕೊಂಡರು. ಅವನ ಅಮ್ಮ ಅದನ್ನೇ ತುಳುವಿನಲ್ಲಿ ಕೇಳಿದಾಗ ಎರಡಕ್ಕೆ ಸರಿಯಾಗಿ ಹೇಳಿದ. ಪರೀಕ್ಷೆ ಮಾಡುವವರು ಕೆಟ್ಟವರಲ್ಲ, ಅವರಿಗೆ ಭಾಷೆ ಬರುತ್ತಿರಲಿಲ್ಲ. ಆ ಅಮ್ಮ ಮನೆಗೆ ಬರುವ ತನಕ ಮಾತಾಡಲಿಲ್ಲ.

ಅದಕ್ಕೇ ಹೇಳುತ್ತೇನೆ, ನಮ್ಮ ಊರಿನ ಮಕ್ಕಳೇ ಇದನ್ನು ಓದಬೇಕು. ಕನ್ನಡ, ತುಳು, ಮಲಯಾಳ ಮೂರೂ ಬರುವ ಒಬ್ಬ ಸೈಕಾಲಜಿಸ್ಟ್ ಈ ಭಾಗಕ್ಕೆ ಎಷ್ಟು ಬೇಕು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪೆರ್ಲದ ಅಮ್ಮ, ನೀವು ಮಗಳ ಕಷ್ಟ ಅಂತ ಹೇಳುತ್ತಿರುವ ನಾಲ್ಕು ಭಾಷೆ ಇದೆಯಲ್ಲ, ಇಲ್ಲಿ ಕೆಲಸ ಮಾಡುವವರಿಗೆ ಅದೇ ದೊಡ್ಡ ಆಸ್ತಿ.

ವಿಟ್ಲದ ಮೇಷ್ಟ್ರು

ಓದಿ ಮನಸ್ಸು ಭಾರವಾಯಿತು. ಬುದ್ಧಿ ಪರೀಕ್ಷೆಯ ವಿಷಯ ಬಂತಲ್ಲ, ಹೇಳಬೇಕು. 1930ರ ದಶಕದಲ್ಲೇ ವಿ. ವಿ. ಕಾಮತ್ ಅನ್ನುವವರು ಫ್ರಾನ್ಸಿನ ಬಿನೆ ಅನ್ನುವವರ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದ್ದರು. ಬಿನೆ-ಕಾಮತ್ ಪರೀಕ್ಷೆ ಅಂತ ಈಗಲೂ ಹೆಸರಿದೆ. ಮಗುವಿನ ಭಾಷೆಯಲ್ಲೇ ಕೇಳಬೇಕು ಅಂತ ಆ ಕಾಲಕ್ಕೇ ಗೊತ್ತಿತ್ತು.

ಮೇಲೆ ನಾನು ಗಡಿ ದಾಟಿ ಬನ್ನಿ ಅಂದದ್ದು ಮಗುವಿಗೆ ಸುಲಭ ಆಗಲಿ ಅಂತ. ಎಣ್ಮಕಜೆಯವರ ಮಾತು ಕೇಳಿದ ಮೇಲೆ ಮಲಯಾಳವೂ ಕಲಿಯಲಿ ಅನ್ನಿಸುತ್ತದೆ.

ಉಪ್ಪಳ ನರ್ಸ್

ಅಜ್ಜಿಯ ವಿಷಯ ಯಾರೂ ಹೇಳಲಿಲ್ಲವಲ್ಲ. ಅಕ್ಕಾ, ಮೊದಲು ಅತ್ತೆಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ವಯಸ್ಸಾಯಿತು, ಮರೆವು ಸಹಜ ಅಂತ ಬಿಡಬೇಡಿ. ಥೈರಾಯ್ಡ್ ಕಡಿಮೆ ಆದರೆ, ಬಿ12 ಕಡಿಮೆ ಆದರೂ ಮರೆವು ಬರುತ್ತದೆ. ಅದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಔಷಧಿ ಇದೆ. ಅದಲ್ಲ, ಬೇರೆ ಕಾಯಿಲೆ ಅಂತಾದರೂ ಬೇಗ ಗೊತ್ತಾದಷ್ಟು ಒಳ್ಳೆಯದು.

ಕಾಪಿ ಕೊಡಲಿಲ್ಲ ಅಂದಾಗ 'ಈಗಷ್ಟೇ ಕುಡಿದಿರಲ್ಲ' ಅಂತ ವಾದ ಮಾಡಬೇಡಿ. ಅವರಿಗೆ ಅದು ನಿಜವಾಗಿಯೂ ಆಗಿಲ್ಲ. ಅರ್ಧ ಲೋಟ ಕೊಟ್ಟುಬಿಡಿ.

ಪೆರ್ಲದ ಅಮ್ಮ

ಡಾಕ್ಟರ ಹತ್ತಿರ ಈ ವಾರವೇ ಕರೆದುಕೊಂಡು ಹೋಗುತ್ತೇವೆ. ವಾದ ಮಾಡುತ್ತಿದ್ದವಳು ನಾನೇ. ಅರ್ಧ ಲೋಟದ ಮಾತು ನೆನಪಿಟ್ಟುಕೊಳ್ಳುತ್ತೇನೆ.

ಮುಳ್ಳೇರಿಯಾ ಹುಡುಗಿ

ಮಗಳ ಪ್ರಶ್ನೆಗೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ, ಅವಳಿಗೇ ಓದಲಿಕ್ಕೆ ಕೊಡಿ.

ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅನ್ನುವವನೊಬ್ಬ ಇದ್ದ. ಅವನು ಬದುಕಿದ್ದಷ್ಟು ಕಾಲ ಪುಸ್ತಕಗಳಲ್ಲಿ ಎಚ್.ಎಂ. ಅಂತ ಮಾತ್ರ ಬರೆಯುತ್ತಿದ್ದರು. ತುಂಬ ಅಪಸ್ಮಾರ. 1953ರಲ್ಲಿ, 27 ವರ್ಷ ಇದ್ದಾಗ, ಅದನ್ನು ನಿಲ್ಲಿಸಲಿಕ್ಕೆ ಮಿದುಳಿನ ಎರಡೂ ಬದಿಯಿಂದ ಸ್ವಲ್ಪ ಭಾಗ ತೆಗೆದರು. ಅದರಲ್ಲಿ ಹಿಪೊಕ್ಯಾಂಪಸ್ ಅನ್ನುವ ಭಾಗವೂ ಹೋಯಿತು. ಅಪಸ್ಮಾರ ಕಡಿಮೆ ಆಯಿತು. ಆದರೆ ಅಂದಿನಿಂದ ಹೊಸದೇನೂ ನೆನಪು ನಿಲ್ಲಲಿಲ್ಲ. ಚಿಕ್ಕಂದಿನದು ಹೇಳುತ್ತಿದ್ದ, ದಿನಾ ಬರುವ ಡಾಕ್ಟರ್ ಪ್ರತಿ ದಿನವೂ ಹೊಸಬರು. 2008ರಲ್ಲಿ ಸಾಯುವ ತನಕ ಹಾಗೇ ಇದ್ದ. ಇದರಿಂದ ಗೊತ್ತಾದದ್ದು ಏನು ಅಂದರೆ, ಹೊಸ ಅನುಭವವನ್ನು ನೆನಪಾಗಿ ಕಟ್ಟಿಡಲಿಕ್ಕೆ ಆ ಭಾಗ ಬೇಕು. ಹಳೆಯದು ಆಗಲೇ ಬೇರೆ ಕಡೆ ಗಟ್ಟಿಯಾಗಿರುತ್ತದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಮೊದಮೊದಲು ಪೆಟ್ಟು ಬೀಳುವುದು ಆ ಭಾಗಕ್ಕೇ. ನಿಮ್ಮ ಅಜ್ಜಿಗೆ ಅದೇ ಅಂತ ನಾನು ಹೇಳುತ್ತಿಲ್ಲ, ಅದನ್ನು ಡಾಕ್ಟರ್ ಹೇಳಬೇಕು. ಮದುವೆಯ ಪಾಯಸ ಉಳಿದು ಬೆಳಗ್ಗಿನ ಕಾಪಿ ಹೋಗುವುದು ಹೇಗೆ ಸಾಧ್ಯ ಅನ್ನುವುದಕ್ಕೆ ಮಾತ್ರ ಇದು ಉತ್ತರ.

ನನಗೆ ತುಂಬ ಇಷ್ಟವಾದದ್ದು ಮುಂದಿನ ಭಾಗ. ಎಚ್.ಎಂ.ಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಲಿಕ್ಕೆ ಹೇಳಿದರು. ಕೈ ನೇರ ಕಾಣುವುದಿಲ್ಲ, ಕನ್ನಡಿಯಲ್ಲಿ ತಿರುಗುಮುರುಗು. ದಿನದಿಂದ ದಿನಕ್ಕೆ ಚೆನ್ನಾಗಿ ಮಾಡಿದ. ಆದರೆ ಪ್ರತಿ ದಿನವೂ ಇದನ್ನು ನಾನು ಹಿಂದೆ ಮಾಡೇ ಇಲ್ಲ ಅನ್ನುತ್ತಿದ್ದ! ಕೈಗೆ ನೆನಪಿದೆ, ಅವನಿಗೆ ಇಲ್ಲ. ಅಜ್ಜಿ ಈಗಲೂ ಹೂ ಕಟ್ಟುತ್ತಾರಾ ಅಂತ ನೋಡಲಿಕ್ಕೆ ಹೇಳಿ ಅಕ್ಕಾ.

ಪೆರ್ಲದ ಅಮ್ಮ

ಕಟ್ಟುತ್ತಾರೆ. ದಿನಾ ಸಂಜೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾರೆ, ಒಂದು ಗಂಟೂ ತಪ್ಪುವುದಿಲ್ಲ. ಯಾರು ಕಟ್ಟಿದ್ದು ಅಂತ ಆಮೇಲೆ ಅವರೇ ಕೇಳುತ್ತಾರೆ.

ಹೊಸಂಗಡಿ ಅಣ್ಣ

ಪ್ರಾಕ್ಟಿಕಲ್ ಇದೆ ಅಂತ ಕೇಳಿದೆ. ಲ್ಯಾಬಿನಲ್ಲಿ ಮಾಡುವುದು ಏನು? 30 ಮಾರ್ಕಿಗೆ ಅಂತೆ?

ಕೌನ್ಸೆಲರ್ ಅಕ್ಕ

70 ಬರವಣಿಗೆ, 30 ಪ್ರಾಕ್ಟಿಕಲ್ ಅನ್ನುವುದು ಸಿಬಿಎಸ್‌ಇ ಲೆಕ್ಕ. ಕೇರಳದ ಹೈಯರ್ ಸೆಕೆಂಡರಿಯ ಲೆಕ್ಕ ಬೇರೆ. ಮಾರ್ಕು ಹೇಗೆ, ಉತ್ತರ ಕನ್ನಡದಲ್ಲಿ ಬರೆಯುವ ವಿಷಯ ಹೇಗೆ, ಎರಡನ್ನೂ ಸೇರಿದ ಮೊದಲ ವಾರವೇ ಶಾಲೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಮುಳ್ಳೇರಿಯಾ ಹುಡುಗಿ

ಅಣ್ಣ, ನಾವು ಮಾಡಿದ ಒಂದು ಪ್ರಯೋಗ ಹೇಳುತ್ತೇನೆ. ಸ್ಟ್ರೂಪ್ ಪರೀಕ್ಷೆ ಅಂತ, 1935ರಲ್ಲಿ ಸ್ಟ್ರೂಪ್ ಅನ್ನುವವನು ಬರೆದದ್ದು. ಹಸಿರು ಅನ್ನುವ ಪದವನ್ನು ಕೆಂಪು ಶಾಯಿಯಲ್ಲಿ ಬರೆದಿರುತ್ತಾರೆ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಮಾಡಿ ನೋಡಿ, ನಾಲಿಗೆ ತಡವರಿಸುತ್ತದೆ. ಕಣ್ಣು ತಾನಾಗಿ ಓದಿಬಿಡುತ್ತದೆ.

ನಾನು ಸುಮ್ನೆ ಒಂದು ಕಾರ್ಡ್ ಕನ್ನಡದಲ್ಲಿ, ಒಂದು ಮಲಯಾಳದಲ್ಲಿ ಮಾಡಿದೆ. ಸ್ಕೆಚ್ ಪೆನ್ನಿನಲ್ಲಿ, 20-20 ಪದ. ಕೆಂಪು, ಹಸಿರು, ನೀಲಿ, ಹಳದಿ. ಆ ಕಡೆ ಚುವಪ್ಪು, ಪಚ್ಚ, ನೀಲ, ಮಞ್ಞ. ಬಣ್ಣವನ್ನು ಇಂಗ್ಲಿಷಿನಲ್ಲಿ ಹೇಳಬೇಕು ಅಂತ ಮಾಡಿದೆವು. ಮಲಯಾಳದ ಗೆಳತಿಯರು ಕನ್ನಡ ಕಾರ್ಡನ್ನು ಸರಸರ ಹೇಳಿ ಮುಗಿಸಿದರು, ಅವರಿಗೆ ನಮ್ಮ ಅಕ್ಷರ ಬರುವುದಿಲ್ಲವಲ್ಲ. ಅವರದೇ ಕಾರ್ಡಿನಲ್ಲಿ ತಡವರಿಸಿದರು. ನಾನು ಎರಡರಲ್ಲೂ ತಡವರಿಸಿದೆ, ಕನ್ನಡದಲ್ಲಿ ಜಾಸ್ತಿ. ಮಲಯಾಳ ಓದುವ ಮೊದಲು ಬಣ್ಣ ಹೇಳಲಿಕ್ಕೆ ಆಗುತ್ತಿತ್ತು. ಕನ್ನಡ ಅಷ್ಟು ಹೊತ್ತು ಕೊಡುವುದಿಲ್ಲ, ಕಣ್ಣಿಗೆ ಬಿದ್ದ ಕೂಡಲೇ ಒಳಗೆ ಹೋಗಿರುತ್ತದೆ.

ಐದು ಜನರಿಂದ ಏನೂ ಸಾಬೀತಾಗುವುದಿಲ್ಲ ಅಂತ ಟೀಚರ್ ಹೇಳಿದರು. ಆದರೆ ನನ್ನ ಎರಡೂ ಕಾರ್ಡನ್ನು ಲ್ಯಾಬಿನ ಗೋಡೆಗೆ ಅಂಟಿಸಿದರು. ಒಂದು ವರ್ಷ ಅಲ್ಲೇ ಇತ್ತು.

ಎಣ್ಮಕಜೆ ದಾರಿ

ಬುದ್ಧಿ ಪರೀಕ್ಷೆಯ ದಿನ ಆ ಹುಡುಗನಿಗೆ ಆದದ್ದೂ ಇದೇ ಅಲ್ವಾ. ತುಳು ಒಳಗೆ ಹೋಯಿತು, ಮಲಯಾಳ ಹೊರಗೇ ನಿಂತಿತು.

ಹೊಸಂಗಡಿ ಅಣ್ಣ

ಈಗ ಕಾರ್ಡ್ ಮಾಡಿ ಮಗನ ಜೊತೆ ನೋಡಿದೆ. ನಿಜ.

ಅವನ ಒಂದು ವಿಷಯ ಕೇಳಬೇಕು. ಪ್ಲಸ್ ವನ್ ಸಯನ್ಸ್. ಪರೀಕ್ಷೆಯ ದಿನ ಬೆಳಗ್ಗೆ ವಾಂತಿ ಮಾಡುತ್ತಾನೆ, ಹಿಂದಿನ ರಾತ್ರಿ ನಿದ್ದೆ ಇಲ್ಲ. ನಾನೇ ಸಯನ್ಸ್ ಅಂತ ಹಾಕಿದ್ದು. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡುತ್ತಿದ್ದೇವೆ. ಇದು ಬೇರೆ ಏನಾದರೂ ಇರಬಹುದಾ?

ಕೌನ್ಸೆಲರ್ ಅಕ್ಕ

ಇರಬಹುದು ಅಣ್ಣ. ಪರೀಕ್ಷೆಯ ದಿನ ಮಾತ್ರ ಅಂದಿರಲ್ಲ, ಅದನ್ನು ಡಾಕ್ಟರಿಗೂ ಹೇಳಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲಿ ಮಾತಾಡಬೇಕು ಅಂತ ಕೇಳಿ. ಮೊದಲು ಅವನ ಹತ್ತಿರ ಕೂತು ಸುಮ್ಮನೆ ಕೇಳಿಸಿಕೊಳ್ಳಿ, ಮಾರ್ಕಿನ ಮಾತು ಆ ದಿನ ಬೇಡ.

ಹೊಸಂಗಡಿ ಅಣ್ಣ

ಸರಿ. ಇವತ್ತೇ ಮಾತಾಡುತ್ತೇನೆ.

ಪೆರ್ಲದ ಅಮ್ಮ

ಎಲ್ಲರಿಗೂ ಹೇಗೆ ಹೇಳಲಿ ಅಂತ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ಮನೆಯವರೂ ಕೂತು ಎಲ್ಲ ಓದಿದರು. ಡಾಕ್ಟರ್ ಆಗಬೇಕಾ ಅಂತ ಮಗಳನ್ನು ಕೇಳಿದೆವು, ಬೇಡ, ಎಣ್ಮಕಜೆಯ ಅಣ್ಣ ಹೇಳಿದ ಹಾಗೆ ಮಕ್ಕಳ ಜೊತೆ ಕೂತು ಕೆಲಸ ಮಾಡಬೇಕು ಅಂದಳು. ಅರ್ಜಿಯಲ್ಲಿ ಮೊದಲ ಆಯ್ಕೆಯಾಗಿ ಸೈಕಾಲಜಿ ಇರುವ ಶಾಲೆಯನ್ನೇ ಹಾಕಿದ್ದೇವೆ. ಸೆಕೆಂಡ್ ಲ್ಯಾಂಗ್ವೇಜ್ ಕನ್ನಡ.

ಹಳೇ ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಿ ಮೂರು ಭಾಗ ಮಾಡಿದ್ದಾಳೆ. ಮೊದಲನೇ ಸಾಲು ಇಮೋಶನ್, ವಿಕಾರಂ, ಭಾವನೆ. ಈಗ ಒಂದು ಕಡೆ ನಿಂತಿದ್ದಾಳೆ, ಕೋಪಿಂಗ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯಬೇಕು ಅಂತ ಕೇಳುತ್ತಿದ್ದಾಳೆ.

ವಿಟ್ಲದ ಮೇಷ್ಟ್ರು

ಹೊಂದಾಣಿಕೆ ಅಂತ ಬರೆಯಲಿ.

ಮುಳ್ಳೇರಿಯಾ ಹುಡುಗಿ

ಹೊಂದಾಣಿಕೆ ಅಡ್ಜಸ್ಟ್‌ಮೆಂಟಿಗೆ ಹೋಗುತ್ತದೆ ಮೇಷ್ಟ್ರೇ, ಎರಡೂ ಒಂದೇ ಪಾಠದಲ್ಲಿ ಬರುತ್ತವೆ, ಕಲಸಿಹೋಗುತ್ತದೆ. ನಾನು ನಿಭಾಯಿಸುವುದು ಅಂತ ಬರೆದಿದ್ದೆ.

ನೀರ್ಚಾಲು ಅಜ್ಜ

ಸುಧಾರಿಸಿಕೊಳ್ಳುವುದು ಅಂತ ನಾವು ಹೇಳುತ್ತೇವೆ. ಮನೆಯಲ್ಲಿ ಸಾವಾದರೆ, ಬೆಳೆ ಹೋದರೆ, ಸ್ವಲ್ಪ ದಿನ ಕಳೆದ ಮೇಲೆ ಈಗ ಹೇಗಿದ್ದಾರೆ ಅಂತ ಕೇಳಿದರೆ, ಸುಧಾರಿಸಿಕೊಂಡರು ಅನ್ನುತ್ತೇವೆ.

ಪೆರ್ಲದ ಅಮ್ಮ

ಅಜ್ಜಾ, ಎರಡನ್ನೂ ಬರೆದುಕೊಂಡಳು. ಮನೆಯ ಉದಾಹರಣೆಗೆ ನೀವು ಹೇಳಿದ್ದನ್ನೇ ಹಾಕಿದ್ದಾಳೆ.

ಬದಿಯಡ್ಕ ಬಸ್ಸು

ಶಾಲೆ ಯಾವುದು ಅಂತ ಅಲಾಟ್‌ಮೆಂಟ್ ಬಂದ ಮೇಲೆ ಹೇಳಿ ಅಕ್ಕಾ. ಆ ದಾರಿಗೆ ಬೆಳಗ್ಗಿನ ಬಸ್ಸು ಎಷ್ಟಕ್ಕೆ ಅಂತ ನಾನು ವಿಚಾರಿಸಿ ಹಾಕುತ್ತೇನೆ.